ಬಿಚ್ಚಿಕೊಳ್ಳದ ಆಟಿಕೆ

ಇನ್ನು ಮುಂದೆ ಈ ಕೈ ಕುರ್ಚಿ ಮಾಡುವುದಿಲ್ಲ ಎಂದು ಕುರ್ಚಿ ಮೇಸ್ತ್ರಿ ಘೋಷಿಸಿದ್ದು ಒಂದು ಬೆಳಿಗ್ಗೆ, ತಿಂಡಿ ತಟ್ಟೆಯ ಮುಂದೆ. ಆ ಐತಿಹಾಸಿಕ ಘೋಷಣೆಯನ್ನು ಕೇಳಲು ನೆರೆದಿದ್ದ ಮಹಾಸಭೆಯಲ್ಲಿ ಅವರ ಹೆಂಡತಿ, ಮಗಳು ಪುಟ್ಟಿ, ಮೇಜಿನ ಕೆಳಗೆ ತನ್ನ ಪಾಲಿಗೆ ಕಾದಿದ್ದ ಬೆಕ್ಕು, ಇಷ್ಟೇ ಜನ.

"ಕುರ್ಚಿ ಅಂದ್ರೆ ಏನು ಮಹಾ? ಯಾರೋ ಬರ್ತಾರೆ, ಕೂತ್ಕೋತಾರೆ, ಎದ್ದು ಹೋಗ್ತಾರೆ. ಕೂತವರು ಯಾರಾದ್ರೂ ಬಗ್ಗಿ ನೋಡಿ ಇದನ್ನ ಮಾಡಿದ ಪುಣ್ಯಾತ್ಮ ಯಾರು ಅಂತ ಕೇಳಿದ್ದುಂಟಾ? ನಾನು ಆಟಿಕೆ ಮಾಡ್ತೀನಿ. ಈಗಿನ ಮಕ್ಕಳು ಆಡ್ಬೇಕು, ಅವರ ಮಕ್ಕಳು ಆಡ್ಬೇಕು, ಅವರ ಮೊಮ್ಮಕ್ಕಳು ನಂಗೆ ಬೇಕು ನಂಗೆ ಬೇಕು ಅಂತ ಕಿತ್ತಾಡ್ಬೇಕು. ಅಂಥಾದ್ದು."

"ಮೊದಲು ತಿಂಡಿ ತಿನ್ನಿ. ಮೊಮ್ಮಕ್ಕಳು ಬರೋ ಹೊತ್ತಿಗೆ ಆರಿಹೋಗುತ್ತೆ," ಎಂದರು ಹೆಂಡತಿ. ಬಟ್ಟೆ ಹೊಲಿಯುವ ಕೆಲಸದ ಅವರನ್ನು ಬೀದಿಯವರೆಲ್ಲ ಹೊಲಿಗೆಯಕ್ಕ ಎನ್ನುತ್ತಾರೆ. ನಾವೂ ಹಾಗೇ ಕರೆಯೋಣ.

ಮೇಸ್ತ್ರಿಯ ಈ ಆವೇಶಕ್ಕೆ ಒಂದು ಹಿನ್ನೆಲೆ ಇತ್ತು. ಹೊಲಿಗೆಯಕ್ಕನ ತಮ್ಮ, ಅಂದರೆ ಮೇಸ್ತ್ರಿಯ ಭಾವಮೈದ, ಊರಾಚೆ ಮಂಚದ ಕಾರ್ಖಾನೆ ಇಟ್ಟಿದ್ದ. ಒಳ್ಳೆ ಹುಡುಗ, ನಗುಮುಖದವನು, ಭಾವ ಎಂದರೆ ಎದ್ದು ನಿಲ್ಲುವವನು. ಆದರೆ ಅವನ ಮಂಚ! ಅದು ಮನೆ ಬದಲಾಯಿಸುವವರಿಗಾಗಿ ಮಾಡಿದ ಮಂಚ. ಕಾಲು ಎಳೆದರೆ ಕಾಲು ಬರುತ್ತದೆ, ಪಟ್ಟಿ ಎಳೆದರೆ ಪಟ್ಟಿ ಬರುತ್ತದೆ, ಎಲ್ಲವನ್ನೂ ಕಟ್ಟಿಕೊಂಡು ಹೊಸಮನೆಯಲ್ಲಿ ಮತ್ತೆ ಸಿಕ್ಕಿಸಿಕೊಳ್ಳಬಹುದು. ಜನ ಮುಗಿಬಿದ್ದು ಒಯ್ಯುತ್ತಿದ್ದರು. "ಸೀನಿದ್ರೆ ಬಿಚ್ಚಿಕೊಳ್ಳೋ ಮಂಚ," ಎಂದು ಮೇಸ್ತ್ರಿ ಹೋದಲ್ಲಿ ಬಂದಲ್ಲಿ ಆಡಿಕೊಳ್ಳುತ್ತಿದ್ದರು. ಈಗ ಅದೇ ಭಾವಮೈದ, ಕುರ್ಚಿಗೆ ಗಿರಾಕಿ ಕಡಿಮೆಯಾಗಿದೆ, ನನ್ನ ಕಾರ್ಖಾನೆಗೇ ಬಂದುಬಿಡಿ ಭಾವ ಎಂದು ಪ್ರೀತಿಯಿಂದಲೇ ಕರೆದಿದ್ದ. ಮೇಸ್ತ್ರಿಗೆ ಆ ಪ್ರೀತಿ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಒಂದು ಆಟಿಕೆ ಮಾಡುತ್ತೇನೆ, ಪೇಟೆಯ ದೊಡ್ಡ ಆಟಿಕೆ ಅಂಗಡಿಯವರು ಅದನ್ನು ಒಪ್ಪದಿದ್ದರೆ ಮಾತಾಡದೆ ನಿನ್ನ ಕಾರ್ಖಾನೆಗೆ ಬರುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದರು. ಆಡಿದ ಮಾತು, ಒಡೆದ ಮುತ್ತು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಎಂಥ ಆಟಿಕೆ ಎಂಬುದು ಅವರಿಗೂ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಮಧ್ಯಾಹ್ನದ ಹೊತ್ತು, ಕೆಲಸದ ಕೋಣೆಯಲ್ಲಿ. ಆ ಹೊತ್ತಿನಲ್ಲಿ ಅಲ್ಲಿ ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತದೆ. ಬಿಸಿಲಲ್ಲಿ ಮರದ ಪುಡಿ ತೇಲುತ್ತಿರುತ್ತದೆ, ಕೆಳಗಿಳಿಯುವ ಆತುರವೇ ಇಲ್ಲದೆ. ಗರಗಸ ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತ ಕೂತ ಮೇಸ್ತ್ರಿಗೆ ರೆಪ್ಪೆ ಭಾರವಾಯಿತು. ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ. ಪುಡಿಯ ಒಂದೊಂದು ಕಣವೂ ಪುಟ್ಟ ಗಾಲಿಯಂತೆ ದುಂಡಗಾಗಿ, ಗಾಲಿಗೆ ಗಾಲಿ ಕಡ್ಡಿಯಿಂದ ಕೂಡಿಕೊಂಡು, ಗೋಪುರ ಎದ್ದಿತು, ಗೋಪುರದಿಂದ ಸೇತುವೆ ಚಾಚಿತು, ಸೇತುವೆ ಕಿಟಕಿ ದಾಟಿ ಬೀದಿ ದಾಟಿ ಹೋಯಿತು. ಆಚೆ ದಡದಲ್ಲಿ ಅವರು ಎಂದೂ ನೋಡದ ಮನೆಗಳು. ಪ್ರತಿ ಮನೆಯ ನೆಲದ ಮೇಲೂ ಒಂದು ಮಗು ಬೋರಲು ಮಲಗಿ, ನಾಲಿಗೆಯ ತುದಿ ಹೊರಗೆ ಹಾಕಿ, ಕಡ್ಡಿಗೆ ಕಡ್ಡಿ ಸಿಕ್ಕಿಸುತ್ತಿದೆ. ಮೇಸ್ತ್ರಿಗೆ ಕಣ್ಣು ತುಂಬಿ ಬಂತು. ಇಷ್ಟು ಸುಖವನ್ನು ಅವರು ಯಾವ ಕುರ್ಚಿಯ ಮುಂದೆಯೂ ಪಟ್ಟಿರಲಿಲ್ಲ.

ಎದ್ದವರೇ ಕೆಲಸಕ್ಕೆ ಇಳಿದರು. ಅಂಗೈಯಲ್ಲಿ ಕೂರುವಷ್ಟು ದೊಡ್ಡ ದುಂಡು ಬಿಲ್ಲೆಗಳು, ಬಿಲ್ಲೆಯ ಸುತ್ತ ತೂತುಗಳು, ತೂತಿಗೆ ಸಿಕ್ಕಿಸಲು ಗಿಡ್ಡದ್ದು ಉದ್ದದ್ದು ಕಡ್ಡಿಗಳು. ಅಷ್ಟೇ. ಇದರಲ್ಲಿ ಏನು ಬೇಕಾದರೂ ಕಟ್ಟಬಹುದು. ನಿಜಕ್ಕೂ ಎಂಥ ಚೆಂದದ ಯೋಚನೆ ನೋಡಿ. ಆದರೆ ಯೋಚನೆ ಹೊಸದಾದರೂ ಕೈ ಹಳೆಯದು.

ಮೇಸ್ತ್ರಿಯ ಕುರ್ಚಿಗೆ ಮೊಳೆ ಇಲ್ಲ, ಅಂಟು ಇಲ್ಲ. ಅದರ ಗುಟ್ಟು ಇಷ್ಟೇ. ಅಡ್ಡಕಡ್ಡಿಗಳನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಗರಿಗರಿಯಾಗಿ ಒಣಗಿಸಬೇಕು. ಕಾಲುಗಳಲ್ಲಿ ಮಾತ್ರ ಇನ್ನೂ ಒಂದಿಷ್ಟು ಹಸಿ ಇರುವಾಗಲೇ ತೂತು ಕೊರೆದು, ಆ ಒಣ ಕಡ್ಡಿಯನ್ನು ಒಳಗೆ ಬಡಿಯಬೇಕು. ಕಾಲು ನಿಧಾನಕ್ಕೆ ಒಣಗಿ ಮುದುಡಿಕೊಳ್ಳುತ್ತ ಕಡ್ಡಿಯ ಕುತ್ತಿಗೆ ಹಿಡಿಯುತ್ತದೆ. ಆಮೇಲೆ ಬ್ರಹ್ಮ ಬಂದರೂ ಬಿಡಿಸಲಾರ. ಮೇಸ್ತ್ರಿಯ ಕುರ್ಚಿ ಅಲುಗಿತು ಎಂಬ ಮಾತು ಆ ಊರಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವ ಹಾಗೆ, ಆಟಿಕೆಗೂ ಅವರು ಹಸಿ ಕೊಂಬೆಯಿಂದ ಬಿಲ್ಲೆ ಕೊಯ್ದರು, ಅಟ್ಟದಿಂದ ಒಣ ಕಡ್ಡಿಯ ಬುಟ್ಟಿ ಇಳಿಸಿದರು.

"ಕಟ್ಟಿದ್ದನ್ನ ಬಿಚ್ಚೋದು ಹೇಗೆ?" ಹೊಲಿಗೆಯಕ್ಕ ಒಂದು ಬಿಲ್ಲೆಯನ್ನು ತಿರುಗಿಸಿ ನೋಡುತ್ತ ಕೇಳಿದರು.

"ಯಾಕೆ ಬಿಚ್ಬೇಕು?"

"ಆಟ ಮುಗಿದ ಮೇಲೆ?"

"ಲೇ ಇವಳೇ, ನಾನು ಬಿಚ್ಚಿಕೊಳ್ಳೋ ಹಾಗೆ ಮಾಡಿದ್ರೆ ನಿನ್ನ ತಮ್ಮನಿಗೂ ನನಗೂ ಏನು ವ್ಯತ್ಯಾಸ ಉಳೀತು?"

ಹೊಲಿಗೆಯಕ್ಕ ಬಿಲ್ಲೆಯನ್ನು ಕೆಳಗಿಟ್ಟು, ದಾರ ಕಚ್ಚಿ ತುಂಡರಿಸಿ, ತಮ್ಮ ಯಂತ್ರದ ಮುಂದೆ ಕೂತರು. ಕೆಲವು ಮಾತಿಗೆ ಉತ್ತರ ಕೊಡದೆ ಇರುವುದೇ ಸಂಸಾರ.

ಆಟಿಕೆ ಸಿದ್ಧವಾಯಿತು. ಅಂಗಡಿಯ ಯಜಮಾನಿ ಮುಂದಿನ ವಾರ ತಾನೇ ಬಂದು ನೋಡುವುದಾಗಿ ಹೇಳಿಕಳಿಸಿದರು. ಆಗ ಹೊಲಿಗೆಯಕ್ಕನಿಗೆ ಒಂದು ವಿಷಯ ಹೊಳೆಯಿತು. "ಅಲ್ಲ ರೀ, ಅವರನ್ನ ಕೂರಿಸೋದು ಎಲ್ಲಿ? ಊರಿಗೆಲ್ಲ ಕುರ್ಚಿ ಕೊಟ್ಟವರ ಮನೇಲಿ ಇರೋದು ನನ್ನ ಸ್ಟೂಲು, ನಿಮ್ಮ ಮರದ ಕೊರಡು. ಒಂದು ಒಳ್ಳೆ ಕುರ್ಚಿ ಮಾಡಿ."

ಕುರ್ಚಿ ಮಾಡುವುದಿಲ್ಲ ಎಂದು ಶಪಥ ಮಾಡಿದ ಕೈ ಹೀಗೆ ಮತ್ತೆ ಕುರ್ಚಿಗೇ ಬಂತು. ವರ್ಷಗಳಿಂದ ಗೋಡೆಗೆ ಒರಗಿ ನಿಂತು ಒಣಗಿಹೋಗಿದ್ದ ನಾಲ್ಕು ಕಾಲುಗಳಿದ್ದವು. ಅವಕ್ಕೆ ತೂತು ಕೊರೆದು, ಪಕ್ಕದ ಬುಟ್ಟಿಯಿಂದ ಕಡ್ಡಿ ತೆಗೆತೆಗೆದು ಬಡಿದರು. ಕೈ ಇಲ್ಲಿ, ಮನಸ್ಸು ಸೇತುವೆಯ ಆಚೆ ದಡದಲ್ಲಿ. ಅರ್ಧ ಗಂಟೆಗೊಮ್ಮೆ ಸುತ್ತಿಗೆ ಎತ್ತಿ ಹಿಡಿದು ಹಾಗೇ ನಕ್ಕುಬಿಡುತ್ತಿದ್ದರು. ಕುರ್ಚಿ ಬಿಗಿಯಾಗಿಯೇ ಕೂಡಿತು. ಹೊಲಿಗೆಯಕ್ಕ ಅದನ್ನು ಮುಂದಿನ ಕೋಣೆಯಲ್ಲಿ, ಕಿಟಕಿಯ ಬಿಸಿಲಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟು, ಅತಿಥಿ ಬರುವ ತನಕ ಬೆಕ್ಕೂ ಅದರ ಮೇಲೆ ಕೂರಕೂಡದು ಎಂದು ಕಟ್ಟಪ್ಪಣೆ ಮಾಡಿದರು.

ಅತ್ತ ಪುಟ್ಟಿ ಆಟಿಕೆಯನ್ನು ಮುಂದಿನ ಕೋಣೆಯ ನೆಲಕ್ಕೆ ಸುರಿದುಕೊಂಡಿದ್ದಳು. ಪರೀಕ್ಷೆ ಆಗಲಿ ಎಂದು ಅಪ್ಪ ಜೊತೆಗೆ ಕೂತರು. ಎದುರುಮನೆಯ ಹಲ್ಲಿನ ಡಾಕ್ಟರು ಪ್ಯಾಂಟು ಗಿಡ್ಡ ಮಾಡಿಸಲು ಬಂದವರು, ಇದೇನ್ರೀ ಎಂದು ಬಗ್ಗಿದರು, ಬಗ್ಗಿದವರು ಕೂತರು, ಕೂತವರು ಕೋಟು ಕಳಚಿದರು. ಆಚೆ ಅವರ ದವಾಖಾನೆಯಲ್ಲಿ ಕೆನ್ನೆ ಊದಿಸಿಕೊಂಡವರು ಸಾಲಾಗಿ ಕಾಯುತ್ತಿದ್ದರು. ಈಚೆ ಡಾಕ್ಟರು ಗಾಳಿಯಂತ್ರಕ್ಕೆ ರೆಕ್ಕೆ ಕೂರಿಸುತ್ತ ತಮ್ಮ ಬಾಲ್ಯದ ಯಾವುದೋ ಹಾಡು ಗುನುಗುತ್ತಿದ್ದರು. ಮಧ್ಯಾಹ್ನ ಕರಗಿ ಸಂಜೆಯಾಯಿತು. ಯಾರಿಗೂ ಹಸಿವಿಲ್ಲ, ಯಾರಿಗೂ ವಯಸ್ಸಿಲ್ಲ. ಗೋಪುರ ಎದ್ದಿತು, ಸೇತುವೆ ಕಿಟಕಿಯ ಕಟ್ಟೆಯಿಂದ ಹೊರಟು, ಗಾಳಿಯಲ್ಲಿ ತೇಲಿ ಬಂದು, ಹೊಲಿಗೆ ಯಂತ್ರದ ಕಬ್ಬಿಣದ ಕಾಲಿನೊಳಗೆ ನುಸುಳಿ, ತಿರುಗುವ ಚಕ್ರದ ಕಡ್ಡಿಗಳ ಮಧ್ಯೆ ಹಾದು, ಆ ಕಡೆಯ ಬಾಗಿಲ ಚೌಕಟ್ಟಿಗೆ ಮುಟ್ಟಿತು. ಹೊಲಿಗೆಯಕ್ಕ ಬೈಯಬೇಕೆಂದು ಬಂದವರು, ಗಂಡನ ಮುಖ ನೋಡಿ ಸುಮ್ಮನಾದರು. ಮದುವೆಯಾದ ಹೊಸದರಲ್ಲಿ ಇಂಥ ಮುಖ ಇತ್ತು ಎಂದು ಅವರಿಗೆ ನೆನಪಾಯಿತು, ಸಂತೋಷವೂ ಆಯಿತು. "ನಾಳೆ ತೆಗೆದ್ರಾಯ್ತು ಬಿಡಿ," ಎಂದರು.

ನಾಳೆ ತೆಗೆಯಲು ಹೋದರೆ ಬರಲಿಲ್ಲ. ನಾಡಿದ್ದು ನೋಡಿದರೆ ಇನ್ನೂ ಬಿಗಿ. ಹಸಿ ಬಿಲ್ಲೆಗಳು ಕಿಟಕಿಯ ಬಿಸಿಲಿಗೆ ಒಣಗಿ, ಮುದುಡಿ, ಒಣ ಕಡ್ಡಿಗಳನ್ನು ಜನ್ಮಜನ್ಮಾಂತರಕ್ಕೆ ಹಿಡಿದುಕೊಂಡಿದ್ದವು! ಮೇಸ್ತ್ರಿ ಎಳೆದರು, ಮಗಳು ಅಪ್ಪನ ಸೊಂಟ ಹಿಡಿದು ಎಳೆದಳು. ಹಲ್ಲಿನ ಡಾಕ್ಟರು ಇಕ್ಕಳವನ್ನೇ ತಂದು, ಒಂದು ಕಡ್ಡಿಯನ್ನು ಕಚ್ಚಿಸಿ, ಗೋಡೆಗೆ ಕಾಲು ಕೊಟ್ಟು ಎಳೆದು, ಬೆವರು ಒರೆಸಿಕೊಂಡು, "ಇದರ ಬೇರು ಬಹಳ ಆಳಕ್ಕೆ ಹೋಗಿದೆ ಮೇಸ್ತ್ರಿಗಳೇ," ಎಂದು ತೀರ್ಪು ಕೊಟ್ಟು ಹೋದರು.

"ಸ್ಕೂಲು ಶುರುವಾಗೋದ್ರೊಳಗೆ ಮಕ್ಕಳ ಸಮವಸ್ತ್ರ ಹೊಲಿದು ಕೊಡ್ಬೇಕು ನಾನು," ಎಂದರು ಹೊಲಿಗೆಯಕ್ಕ. "ಚಕ್ರ ಒಂದು ಸುತ್ತೂ ತಿರುಗ್ತಿಲ್ಲ. ಬಿಚ್ಚಿ ಇದನ್ನ."

"ಆದ್ರೂ ನೋಡು, ಏನು ಬಿಗಿ! ಆನೆ ತುಳಿದ್ರೂ..."

"ನಾನು ಹೊಗಳಿ ಅನ್ಲಿಲ್ಲ. ಬಿಚ್ಚಿ ಅಂದೆ."

"ಗರಗಸ ಹಾಕಿದ್ರೆ ಬರುತ್ತೆ. ಆದ್ರೆ ನಾಡಿದ್ದು ಆ ಯಜಮಾನಿ ಬರ್ತಾರಲ್ಲ, ತೋರಿಸೋಕೆ ಇರೋದು ಇದೊಂದೇ. ಅಟ್ಟದಲ್ಲಿ ಒಣ ಕಡ್ಡಿ ಒಂದೂ ಉಳಿದಿಲ್ಲ. ಇದನ್ನ ಕೊಯ್ದ್ರೆ ನಾನು ನೇರ ಮಂಚದ ಕಾರ್ಖಾನೆಗೇ ಹೋಗ್ಬೇಕು."

ಹೊಲಿಗೆಯಕ್ಕ ಸೂಜಿ ತೆಗೆದುಕೊಂಡು, ಬಟ್ಟೆಯ ರಾಶಿ ಹಾಕಿಕೊಂಡು, ಕೈಹೊಲಿಗೆಗೆ ಕೂತರು. ಅವರು ಸೂಜಿ ಎಳೆದಾಗಲೆಲ್ಲ ಮೇಸ್ತ್ರಿಗೆ ತಮ್ಮನ್ನೇ ಯಾರೋ ಚುಚ್ಚಿದಂತಾಗುತ್ತಿತ್ತು. ಗದರಿದ್ದರೆ ಎಷ್ಟೋ ವಾಸಿ ಇತ್ತು.

ಆ ದಿನ ಬಂತು. ಆಟಿಕೆ ಅಂಗಡಿಯ ಯಜಮಾನಿ ಬಂದರು. ತೆಳ್ಳಗಿನ, ಮೆಲುದನಿಯ ಹೆಂಗಸು, ಯಾವುದನ್ನು ನೋಡಿದರೂ ಮೊದಲು ಮುಟ್ಟಿ ನೋಡುವ ಅಭ್ಯಾಸ. ಅವರ ಬೆನ್ನಿಗೇ ಭಾವಮೈದನೂ ಬಂದ, ತೀರ್ಮಾನ ಕೇಳಿಕೊಂಡು ಹೋಗಲು. "ಭಾವ, ಗೆಲ್ಲಿ. ನಾನೇನೂ ನೀವು ಸೋಲಲಿ ಅಂತ ಬಂದಿಲ್ಲ," ಎಂದ. ಅವನು ಹಾಗೆ ಒಳ್ಳೆಯವನಾಗಿ ಮಾತಾಡುವುದೇ ಮೇಸ್ತ್ರಿಗೆ ಸಹಿಸಲಾಗುತ್ತಿರಲಿಲ್ಲ.

ಯಜಮಾನಿ ಗೋಪುರವನ್ನು ಸುತ್ತಿ ಬಂದರು. ಸೇತುವೆಯ ಕೆಳಗೆ ತಲೆ ತಗ್ಗಿಸಿ ನುಸುಳಿದರು. ಗಾಳಿಯಂತ್ರದ ರೆಕ್ಕೆಗೆ ಊದಿದರು. ಅವರ ಮುಖ ಅರಳಿತು. ಮೇಸ್ತ್ರಿಯ ಎದೆ ಅರಳಿತು. ಅವರ ಕನಸಿನ ಆಚೆ ದಡದ ಮನೆಗಳ ದೀಪ ಒಂದೊಂದಾಗಿ ಹತ್ತಿಕೊಂಡವು.

"ಬಹಳ ಚೆನ್ನಾಗಿದೆ," ಎಂದು ಅವರು ಒಂದು ಕಡ್ಡಿಯನ್ನು ಹಿಡಿದು ಎಳೆದರು. ಇನ್ನೊಮ್ಮೆ ಎಳೆದರು. "ಇದು ಬರ್ತಾ ಇಲ್ವಲ್ಲ?"

"ಬರೋದೇ ಇಲ್ಲ," ಎಂದರು ಮೇಸ್ತ್ರಿ, ಎದೆಯುಬ್ಬಿಸಿ. "ನನ್ನ ಕೆಲಸ."

"ಮಗು ನಾಳೆ ಬೇರೆ ಏನಾದ್ರೂ ಕಟ್ಬೇಕು ಅಂದ್ರೆ?"

"ಇನ್ನೊಂದು ಪೆಟ್ಟಿಗೆ ತಗೋಬಹುದು."

"ಇದನ್ನ ಏನು ಮಾಡೋದು?"

"ಮನೇಲಿ ಇರುತ್ತೆ. ಮೊಮ್ಮಕ್ಕಳ ಕಾಲದವರೆಗೂ ಇರುತ್ತೆ."

ಯಜಮಾನಿ ಹೊಲಿಗೆ ಯಂತ್ರದ ಚಕ್ರದಲ್ಲಿ ಸಿಕ್ಕಿಕೊಂಡಿದ್ದ ಸೇತುವೆಯನ್ನು ನೋಡಿದರು, ಕೈಹೊಲಿಗೆಯಲ್ಲಿದ್ದ ಹೊಲಿಗೆಯಕ್ಕನನ್ನು ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. "ಮೇಸ್ತ್ರಿಗಳೇ," ಎಂದರು ಬಹಳ ಮೆತ್ತಗೆ, "ಇಷ್ಟು ಚೆಂದದ ಕೆಲಸ ನಾನು ನೋಡಿಲ್ಲ. ಆದ್ರೆ ಮಕ್ಕಳಿಗೆ ಕಟ್ಟೋದು ಅರ್ಧ ಆಟ, ಕೆಡವೋದು ಇನ್ನರ್ಧ. ನೀವು ಅರ್ಧ ಆಟ ಮಾಡಿದೀರ. ಇದನ್ನ ನಾನು ಒಯ್ಯೋ ಹಾಗಿಲ್ಲ."

ಆಚೆ ದಡದ ದೀಪಗಳೆಲ್ಲ ಆರಿದವು. ಭಾವಮೈದ ನೆಲ ನೋಡಿದ. ಹೊಲಿಗೆಯಕ್ಕ ಸೂಜಿ ಕೆಳಗಿಟ್ಟರು. ಗಂಡನ ಮೇಲಿದ್ದ ಸಿಟ್ಟೆಲ್ಲ ಒಂದೇ ಗಳಿಗೆಗೆ ಇಳಿದು, ಪಾಪ ಅನ್ನಿಸಿಬಿಟ್ಟಿತು. ಬಂದವರನ್ನು ಹಾಗೇ ಕಳಿಸಬಾರದೆಂದು, "ಕೂತ್ಕೊಳ್ಳಿ, ಒಂದು ಲೋಟ ಚಹಾ ಕುಡಿದು ಹೋಗಿ," ಎಂದು ಕುರ್ಚಿ ತೋರಿಸಿದರು.

ಯಜಮಾನಿ ಕೂತರು.

ಕುರ್ಚಿ ಮುರಿಯಲಿಲ್ಲ, ಶಬ್ದವೂ ಮಾಡಲಿಲ್ಲ. ಮೊದಲು ಎಡಗಾಲು ಹೊರಕ್ಕೆ ಜಾರಿತು. ಆಮೇಲೆ ಬಲಗಾಲು, ನಾನೂ ಬಂದೆ ಎಂಬಂತೆ. ಬೆನ್ನಿನ ಕಡ್ಡಿಗಳು ಒಂದೊಂದಾಗಿ ತೂತು ಬಿಟ್ಟು ಇಳಿದವು. ಎಲ್ಲವೂ ಕನಸಿನಲ್ಲಿ ನಡೆದ ಹಾಗೆ ನಿಧಾನವಾಗಿ, ಮರ್ಯಾದೆಯಾಗಿ ನಡೆದು, ಕೊನೆಗೆ ನೋಡಿದರೆ ಪೇಟೆಯ ದೊಡ್ಡ ಆಟಿಕೆ ಅಂಗಡಿಯ ಯಜಮಾನಿ ಕಡ್ಡಿಗಳ ರಾಶಿಯ ಮಧ್ಯೆ ನೆಲದ ಮೇಲೆ ಕೂತಿದ್ದರು.

ಮೇಸ್ತ್ರಿ ಬಗ್ಗಿ ಒಂದು ಕಡ್ಡಿ ಎತ್ತಿಕೊಂಡರು, ಮೂಸಿ ನೋಡಿದರು. ಅವರಿಗೆ ತಿಳಿಯಿತು. ಒಣ ಕಡ್ಡಿಯೆಲ್ಲ ಆಟಿಕೆಗೆ ಹೋಗಿ ಮುಗಿದಿತ್ತು. ಕನಸು ಕಾಣುತ್ತ ಕೈ ಹಾಕಿದ್ದು ಅಟ್ಟಕ್ಕೇರಿಸಲು ಪಕ್ಕದಲ್ಲಿಟ್ಟಿದ್ದ ಹಸಿ ಕಡ್ಡಿಯ ಬುಟ್ಟಿಗೆ. ಒಣಗಿದ ಕಾಲು ಹಾಗೇ ಉಳಿಯಿತು, ಹಸಿ ಕಡ್ಡಿ ವಾರದ ಬಿಸಿಲಿಗೆ ಒಣಗಿ ಸಣ್ಣಗಾಯಿತು. ಜೀವಮಾನದಲ್ಲಿ ಮೊದಲ ಸಲ ಅವರ ಕುರ್ಚಿ ಅಲುಗಿತ್ತು, ಅದೂ ಬೀಳಿಸಬಾರದವರು ಕೂತಾಗ, ಭಾವಮೈದನ ಕಣ್ಣೆದುರಿಗೆ. ಭೂಮಿ ಬಾಯಿ ಬಿಟ್ಟರೆ ಸಾಕು ಎಂದುಕೊಂಡರು.

ಬಾಯಿ ಬಿಟ್ಟವಳು ಪುಟ್ಟಿ. "ಅಪ್ಪಾ, ಇದು ಬಿಚ್ಚುತ್ತೆ," ಎಂದು ಓಡಿಬಂದು, ಯಜಮಾನಿಯ ಪಕ್ಕದಲ್ಲೇ ಕುಕ್ಕರಿಸಿದಳು. ಒಂದು ಕುರ್ಚಿಕಾಲಿಗೆ ನಾಲ್ಕು ಕಡ್ಡಿ ಸಿಕ್ಕಿಸಿ, "ದೋಣಿ," ಎಂದಳು. ಕಿತ್ತಳು. ಇನ್ನೊಂದು ಕಾಲು ಸೇರಿಸಿ, "ಕೊಕ್ಕರೆ," ಎಂದಳು. ಕಿತ್ತಳು. ಮೂರನೆಯದು ಏನೆಂದು ಅವಳಿಗೇ ಗೊತ್ತಿರಲಿಲ್ಲ, ಕಟ್ಟುತ್ತ ಹೋದಳು. ಯಜಮಾನಿಯನ್ನು ಎಬ್ಬಿಸಲು ಹೊಲಿಗೆಯಕ್ಕ ಕೈ ಚಾಚಿದರು. ಅವರು ಆ ಕೈಯನ್ನು ನೋಡಲೇ ಇಲ್ಲ. ಮೆಲ್ಲಗೆ ಒಂದು ಕಡ್ಡಿ ತೆಗೆದುಕೊಂಡು, ಪುಟ್ಟಿಯ ಗೋಪುರಕ್ಕೆ ಸಿಕ್ಕಿಸಿದರು. ನಿಂತಿತು. ಎಳೆದರು. ಬಂತು. ಮತ್ತೆ ಸಿಕ್ಕಿಸಿದರು. ಚಹಾ ಆರಿತು, ಕೆನೆ ಕಟ್ಟಿತು. ಭಾವಮೈದ ಯಾವಾಗ ಕೂತನೋ, ಅವನೂ ಬೋರಲು ಮಲಗಿ ಏನೋ ಕಟ್ಟುತ್ತಿದ್ದ, ನಾಲಿಗೆಯ ತುದಿ ಹೊರಗೆ ಹಾಕಿ.

"ಇದು," ಎಂದರು ಯಜಮಾನಿ ಬಹಳ ಹೊತ್ತಿನ ಮೇಲೆ, ನೆಲದಿಂದಲೇ. "ನಂಗೆ ಇದು ಬೇಕು."

"ತಾಯೀ, ಅದು ಆಟಿಕೆ ಅಲ್ಲ, ನನ್ನ ಕೈತಪ್ಪು," ಎಂದರು ಮೇಸ್ತ್ರಿ ಅಳು ಬಂದವರಂತೆ.

"ಆ ಕೈತಪ್ಪನ್ನೇ ಪೆಟ್ಟಿಗೆಗೆ ತುಂಬಿ ಕೊಡಿ. ನಿಮ್ಮ ಬಿಲ್ಲೆ ಇರಲಿ, ಬಣ್ಣ ಬಳಿಯೋದು ಬೇಡ. ಆದ್ರೆ ಪ್ರತಿ ಕಡ್ಡಿನೂ ಈ ಕುರ್ಚಿಯಷ್ಟೇ ಕೆಟ್ಟದಾಗಿ ಇರ್ಬೇಕು. ಇದಕ್ಕಿಂತ ಒಂದು ಕೂದಲೆಳೆ ಚೆನ್ನಾಗಿದ್ರೂ ವಾಪಸ್ಸು."

ಗೆದ್ದರು ಎಂದುಕೊಂಡಿರಾ? ನಿಜವಾದ ಪಾಡು ಶುರುವಾದದ್ದು ಆಗಲೇ. ಕೆಟ್ಟ ಕೆಲಸ ಮಾಡಬೇಕೆಂದು ಕೂತರೆ ಮೇಸ್ತ್ರಿಯ ಕೈಗೆ ಅದು ಬರಲೇ ಇಲ್ಲ. ಸಡಿಲ ಮಾಡಬೇಕೆಂದು ತೀಡಿದರೆ ಕಡ್ಡಿ ತೂತಿನಿಂದ ತಾನಾಗಿ ಉದುರುತ್ತಿತ್ತು. ತೀಡದೆ ಬಿಟ್ಟರೆ ಬೆರಳು ಬಿಗಿಯ ಕಡೆಗೇ ವಾಲುತ್ತಿತ್ತು. ಬೇಕಾದಾಗ ಹಿಡಿಯಬೇಕು, ಬೇಡವಾದಾಗ ಬಿಡಬೇಕು. ಇವೆರಡರ ನಡುವಿನ ಜಾಗ ಅವರ ಕೈ ಎಂದೂ ಕಂಡದ್ದಲ್ಲ.

"ಬಟ್ಟೆಗೆ ನಾನು ಮೊದಲು ಕಚ್ಚಾ ಹೊಲಿಗೆ ಹಾಕಲ್ವಾ?" ಎಂದರು ಹೊಲಿಗೆಯಕ್ಕ. ಸೇತುವೆಯನ್ನು ಗರಗಸದಿಂದ ಕೊಯ್ದಾಗಿತ್ತು, ಯಂತ್ರ ಓಡುತ್ತಿತ್ತು, ಅವರ ದನಿಯೂ ಸಡಿಲವಾಗಿತ್ತು. "ಅದನ್ನ ಹಾಕೋದೇ ಬಿಚ್ಚೋಕೆ. ಹಾಗಂತ ಕೆಟ್ಟ ಹೊಲಿಗೆ ಅಂತೀರಾ? ಅದಕ್ಕೂ ಕಲಿತ ಕೈ ಬೇಕು ರೀ. ಅಂಥ ಕೈ ನಮ್ಮ ಪೈಕಿ ಯಾರಿಗಿದೆ ಅಂತ ನಿಮಗೂ ಗೊತ್ತು. ಬಿಗುಮಾನ ಬಿಟ್ಟು ಹೋಗಿ."

ಮೇಸ್ತ್ರಿ ಹೋದರು. ಗೆದ್ದೂ ಮಂಚದ ಕಾರ್ಖಾನೆಗೇ ಹೋದರು. ಸೀನಿದರೆ ಬಿಚ್ಚಿಕೊಳ್ಳುವ ಮಂಚದ ಒಡೆಯನ ಎದುರು ಕೂತು, ಅ ಆ ಇ ಈ ಕಲಿಯುವವರ ಹಾಗೆ ಕಡ್ಡಿ ತೀಡುವುದನ್ನು ಕಲಿಯತೊಡಗಿದರು.

ಆಟಿಕೆ ಮಾತ್ರ ಅವರನ್ನು ಕಾಯಲಿಲ್ಲ. ಭಾವಮೈದನ ಕಾರ್ಖಾನೆಯವರು ತೀಡಿದ ಕಡ್ಡಿಗಳೊಂದಿಗೆ ಅದು ಪೇಟೆಯಿಂದ ಪೇಟೆಗೆ ಹೋಯಿತು, ಅವರು ಹೆಸರೂ ಕೇಳದ ಊರುಗಳ ನೆಲದ ಮೇಲೆ ಹರಡಿಕೊಂಡಿತು. ಕೀಲಿ ಕೊಟ್ಟರೆ ಕುಣಿಯುವ ಬೊಂಬೆಗಳು ಬಂದವು, ಕುಣಿದು ಸುಸ್ತಾಗಿ ಮೂಲೆ ಸೇರಿದವು. ದೀಪ ಮಿಣುಕಿಸುವ ಕಾರುಗಳು ಬಂದವು, ಕುರುಡಾದವು. ಮೇಸ್ತ್ರಿಯ ಬಿಲ್ಲೆ ಕಡ್ಡಿಗಳು ಮಾತ್ರ ಮನೆಮನೆಗಳಲ್ಲಿ ಪೊರಕೆಗೆ ಸಿಕ್ಕುತ್ತ, ಬರಿಗಾಲಿಗೆ ಚುಚ್ಚುತ್ತ, ಬೈಸಿಕೊಳ್ಳುತ್ತ, ಅಣ್ಣನಿಂದ ತಂಗಿಗೆ, ಅಮ್ಮನಿಂದ ಮಗಳಿಗೆ ದಾಟುತ್ತ ಉಳಿದವು. ಅಂದು ಆಡಿದವರಿಗೆ ಮಕ್ಕಳಾದರು, ಪುಟ್ಟಿಗೂ ಮಗಳು ಹುಟ್ಟಿದಳು. ಕೆಲವು ಮಧ್ಯಾಹ್ನ ಮೇಸ್ತ್ರಿ ಕಾರ್ಖಾನೆಯ ಬಿಸಿಲಲ್ಲಿ ತೇಲುವ ಮರದ ಪುಡಿ ನೋಡುತ್ತ ಕೂರುತ್ತಾರೆ. ಆ ಸೇತುವೆ, ಆ ಮನೆಗಳು, ಬೋರಲು ಮಲಗಿದ ಆ ಮಕ್ಕಳು, ಈಗ ಯಾವುದೂ ಕನಸಲ್ಲ. ಮನಸ್ಸು ತುಂಬಿ ಬರುತ್ತದೆ.

ಆಗ ಭಾವಮೈದ ಬರುತ್ತಾನೆ. ಅವನಿಗೂ ಈಗ ತಲೆ ನೆರೆತಿದೆ. ದಿನವೂ ಮಾಡುವಂತೆ ಮೇಸ್ತ್ರಿ ತೀಡಿಟ್ಟ ಕಡ್ಡಿಯೊಂದನ್ನು ಎತ್ತಿಕೊಂಡು, ಬಿಲ್ಲೆಗೆ ಸಿಕ್ಕಿಸಿ, ಎರಡು ಬೆರಳಲ್ಲಿ ಎಳೆಯುತ್ತಾನೆ. ಬರುವುದಿಲ್ಲ. ಇನ್ನೊಂದು ಎಳೆಯುತ್ತಾನೆ. ಅದೂ ಬರುವುದಿಲ್ಲ. ಭಾವನ ಮನಸ್ಸು ನೋಯಬಾರದೆಂದು ಅವೆರಡನ್ನೂ ಮೆಲ್ಲಗೆ ಪಕ್ಕಕ್ಕಿಡುತ್ತಾನೆ.

"ಬೇಜಾರು ಮಾಡ್ಕೋಬೇಡಿ ಭಾವ," ಎನ್ನುತ್ತಾನೆ. "ಎಸೆಯೋದೇನೂ ಬೇಡ. ಕುರ್ಚಿಗಾದ್ರೂ ಆಗುತ್ತೆ."